ಲೋಡ್ ಹೋಯ್ತಾ?

ಒಂಬತ್ತೂವರೆಗೆ ಎಲ್ಲರೂ ಹಾಜರು.
ಆರು ಚೌಕ, ಅದರಲ್ಲಿ ಮುಖ ಎರಡೇ;
ಮಿಕ್ಕವು ಬಣ್ಣದ ಬಿಲ್ಲೆಯೊಳಗಿನ ಅಕ್ಷರ.
ನಮ್ಮ ಯಜಮಾನರು 'ಶ್ರೀ' ಎಂಬ ಬೂದು ಬಿಲ್ಲೆ,
ಎರಡು ವರ್ಷದಿಂದ ಹಾಗೇ.
ಲಗ್ನಪತ್ರಿಕೆಯ ನೆತ್ತಿಯ ಮೇಲಿನದೇ ಶ್ರೀ,
ಕೆಳಗೆ ಊಟದ ಮಾತಿಲ್ಲ, ಅಷ್ಟೆ.

ಜಜ್ಜಿದ ಬಂಪರು, ಒಡೆದ ಗಾಜು,
ಯಾರ ತಪ್ಪು, ಎಷ್ಟು ಕೊಡಬೇಕು:
ಕಂಡವರ ಗಾಡಿಗಳ ಗಾಯವನ್ನೆಲ್ಲ
ಮಂಡ್ಯದ ಗುತ್ತಲು ರಸ್ತೆಯ ಮಹಡಿಯಲ್ಲಿ ಕೂತು ಎಣಿಸುತ್ತೇನೆ.
'ಕೇಳಿಸ್ತಿದೆಯಾ?' 'ಕೇಳಿಸ್ತಿದೆ.'
ದಿನಕ್ಕೆ ಅಷ್ಟು ಸಲ ಕೇಳಿಯೂ
ಯಾರು ಏನು ಕೇಳಿಸಿಕೊಂಡೆವೋ.

ಉದಯಗಿರಿಯಿಂದ ಮೆಹಜಬೀನ್
ಮೂವತ್ತೆರಡು ಫೈಲು ಎಂದು ಒಪ್ಪಿಸುತ್ತಿದ್ದಳು.
ನಾನು ಮೈಕು ಮುಚ್ಚುವುದು ಮರೆತಿದ್ದೆ.
ಕೆಳಗೆ ಕಬ್ಬಿನ ಟ್ರ್ಯಾಕ್ಟರು, ಎರಡು ಟ್ರೇಲರು,
ಹಿಂದೆ ಇಸ್ಕೂಲು ಚೀಲದ ಐದಾರು ಹೈಕಳು.
'ತುದೀದಲ್ಲ ಕಣ್ಲಾ, ಬುಡದ್ದು ಎಳಿ!'
ಡ್ರೈವರನ ಬೈಗುಳ, ಜಲ್ಲೆ ಮುರಿದ ಲಟಕ್ಕು,
ಎಲ್ಲ ಐದು ಮನೆಗೂ ಒಟ್ಟಿಗೆ ಹೋಯಿತು.

'ಸಾರಿ ಸಾರಿ' ಎಂದು ಕೈಚಾಚಿದೆ.
'ಮುಚ್ಚಬೇಡಿ' ಅಂದಿತು ಬೂದು ಬಿಲ್ಲೆ.
'ಎಲ್ಲಿ, ಸ್ವಲ್ಪ ತೋರ್ಸಿ.'
ಲ್ಯಾಪ್‌ಟಾಪನ್ನು ಕೂಸಿನಂತೆ ಕಂಕುಳಿಗೇರಿಸಿ
ಕಿಟಕಿಗೆ ಹೋದೆ.

ತಿರುಗಿ ನೋಡಿದರೆ
ಬಿಲ್ಲೆಯ ಜಾಗದಲ್ಲಿ ಒಬ್ಬ ಮನುಷ್ಯ!
ಬೋಳು ನೆತ್ತಿ, ಹಿಂದೆ ಒಣಹಾಕಿದ ಟವೆಲು.
ಗದ್ದವೆತ್ತಿ ಕ್ಯಾಮೆರಾಕ್ಕೆ ಹಿಡಿದರು:
'ಪಾಂಡವಪುರ ದಾರೀಲಿ, ಆರನೇ ಕ್ಲಾಸು.
ಜಲ್ಲೆ ಕೈಗೆ ಬಂತು, ನಾನು ರಸ್ತೆಗೆ. ನಾಕು ಹೊಲಿಗೆ.'
'ಕ್ಲೇಮು ಮಾಡಿದ್ರಾ ಸಾರ್?' ಮೆಹಜಬೀನ್.
'ಜಲ್ಲೆ ಬಿಟ್ಟಿರಲಿಲ್ಲಮ್ಮ. ಅದೇ ಸೆಟ್ಲ್‌ಮೆಂಟು.'

ಆ ದಿನ ಮೀಟಿಂಗು ಹನ್ನೊಂದು ನಿಮಿಷ ಉದ್ದವಾಯಿತು.
ಡಯಾಸ್ ಹೇಳಿದ ಹಲ್ಲು ಮುರಿದ ಕತೆ
ಸುಳ್ಳೆಂದು ನನ್ನ ಗುಮಾನಿ.
ಇರಲಿ, ಚೆನ್ನಾಗಿ ಹೇಳಿದ.

ಮಾರನೆ ದಿನ ಮತ್ತೆ ಬೂದು ಬಿಲ್ಲೆ.
ಫೈಲು, ಬಂಪರು, ಗಾಜು.
ಕೊನೆಗೆ ಮಾತ್ರ, ಕೆಂಪು ಗುಂಡಿಗೆ ಮುಂಚೆ,
'ಲೋಡ್ ಹೋಯ್ತಾ?'
ಅಂದಿನಿಂದ ದಿನಾ ಕೇಳುತ್ತಾರೆ.
ದಿನಾ ಎದ್ದು ನೋಡಿಯೇ ಹೇಳುತ್ತೇನೆ.

ಮೊನ್ನೆ ಅರೆಯುವ ಹಂಗಾಮು ಮುಗಿಯಿತು.
ರಸ್ತೆಯಲ್ಲಿ ಒಣ ಸೋಗೆ, ಅದರ ಮೇಲೊಂದು ನಾಯಿ.
'ಇಲ್ಲ ಸಾರ್. ಇನ್ನು ಮುಂದಿನ ಸೀಸನ್ನಿಗೇ.'
'ಓ' ಎಂದರು.
ಆರು ಚೌಕವೂ ಸುಮ್ಮನಿದ್ದವು.
ಯಾರೂ ಮೊದಲು ಹೊರಡಲಿಲ್ಲ.

'ಬೇರೆ ಏನೈತೆ ಅಲ್ಲಿ?'
'ಒಂದು ನಾಯಿ ಸಾರ್, ಮಲಗಿದೆ.'
'ಅದನ್ನೇ ತೋರ್ಸಿ.'