ಸೋರಿಕೆ

ಕಂಪ್ಲಿ ಕಾಲುವೆ ಹನ್ನೊಂದನೇ ಮೈಲಿಗೆ ಸೋರುತ್ತದೆ.
ಲಷ್ಕರ್ ಜಂಬಯ್ಯನ ಕೆಂಪು ರಟ್ಟಿನ ಪುಸ್ತಕದಲ್ಲಿ
ಹತ್ತರ ಬಿರುಕಿದೆ, ಹನ್ನೆರಡರ ಏಡಿಬಿಲವಿದೆ,
ನಡುವೆ ಏನೂ ಇಲ್ಲ.

ನಡುವೆ, ದಂಡೆಯ ಕೆಳಗೆ,
ಕೆಸರಿಗೆ ಊರುಗೋಲು ಊರಿ ನಿಂತ
ಕೇದಗೆ ಮೆಳೆ.
ಎಲೆಯ ಎರಡಂಚಿಗೂ ಗರಗಸ,
ಸಾಲದ್ದಕ್ಕೆ ಬೆನ್ನಿಗೂ ಒಂದು ಸಾಲು.
ಹೊಡೆ ಬಿಟ್ಟಿದೆಯೋ ಇಲ್ಲವೋ
ಜಂಬಯ್ಯನ ಮುಂಗೈ ಓದಿದರೆ ಸಾಕು.

ಹಾವಿದೆ ಅಂತಾರೆ. ಇರಲಿ,
ಅದಕ್ಕೂ ತಂಪು ಬೇಕಲ್ಲ,
ಈ ಬಳ್ಳಾರಿ ಬಿಸಿಲಲ್ಲಿ.
ಶಿವ ಒಲ್ಲೆ ಅಂದದ್ದನ್ನು ತಿಪ್ಪಮ್ಮ
ಧಾರೆ ಸೀರೆಯ ಮಡಿಕೆಗಿಟ್ಟು
ಟ್ರಂಕಿನ ಚಿಲಕ ಹಾಕುತ್ತಾಳೆ.

ಈ ಸಲ ಸಿಮೆಂಟು ಬಂತು, ಲಾರಿಗಟ್ಟಲೆ.
ಹೊಸ ಇಂಜಿನಿಯರಮ್ಮ ಪುಸ್ತಕ ತೆರೆದರೆ
ಹಾಳೆಗಳ ನಡುವೆ ಚಪ್ಪಟೆ ಒಂದು ಎಸಳು,
ಬೆಣ್ಣೆ ಬಣ್ಣ ಹೋಗಿ ಚಹದ ಬಣ್ಣ.
ಷೆಡ್ಡಿನ ಡೀಸೆಲ್ ವಾಸನೆ
ಒಂದು ಗಳಿಗೆ ಬದಿಗೆ ಸರಿಯಿತು.

'ಎಲ್ಲಿದು ಇದು?'
'ನಮ್ಮ ಮನಿಯಾಕಿ ಟ್ರಂಕಿಂದ್ರೀ ಮೇಡಮ್.'
'ಹತ್ತಾದ ಮೇಲೆ ಹನ್ನೆರಡಾ?'
'ಹೂಂರೀ. ಮಧ್ಯ ಗಟ್ಟಿ ಐತ್ರಿ.'

ಆಕೆ ಅವನ ಮುಂಗೈ ನೋಡಿದಳು,
ಹೊಸ ಗೀರು, ಹಳೇ ಗೀರು.
ಪೆನ್ನಿನ ಮುಚ್ಚಳ ತೆಗೆದಳು.
ಹಾಕಿದಳು.
ಮತ್ತೆ ತೆಗೆದಳು.

ಹೊರಗೆ ಕಾಂಕ್ರೀಟು ಕಲಸುವ ಯಂತ್ರ
ತಿರುಗುತ್ತಲೇ ಇತ್ತು.