ಆರರ ಮುಂದಿನದು

ಡೋಣಿಯಲ್ಲಿ ಬಸ್ಸು ಹೊಳ್ಳುತ್ತದೆ. ಅಲ್ಲಿಂದ ಕಪ್ಪತಗುಡ್ಡದ ಹಿಂಬದಿಗೆ
ಒಂದು ತಾಸಿನ ಕಾಲುದಾರಿ, ಆಮೇಲೆ ನಮ್ಮೂರು.
ನಮ್ಮೂರಲ್ಲಿ ಆರು ಆದಮೇಲೆ ಎಂಟು.

ಕಣದಲ್ಲಿ ಜೋಳ ಅಳೆಯುವ ಅಪ್ಪ
ಲಾಭ ಅಂತಾನೆ, ಎರಡು ಅಂತಾನೆ, ಆರರ ತನಕ ಬಂದು
ಮುಂದಿನ ಸೇರನ್ನು ತುಟಿ ಬಿಗಿದು ಸುರಿಯುತ್ತಾನೆ.
ಸಾಲಿಯಲ್ಲಿ ಆರನೆತ್ತೆ, ಎಂಟನೆತ್ತೆ,
ನಡುವೆ ಬೋರ್ಡಿಲ್ಲದ ಒಂದು ಖೋಲಿ.
ರಾತ್ರಿ ಗುಡ್ಡದ ಮೇಲೆ ಗಾಳಿಯಂತ್ರದ ಕೆಂಪು ದೀಪ
ಮಿಣುಕುವುದನ್ನು ಎಣಿಸುತ್ತೇವೆ,
ಆರಕ್ಕೆ ಕಣ್ಣು ಮುಚ್ಚಿಬಿಡುತ್ತೇವೆ.
ನಸುಕಿಗೆ ಅವ್ವ ಕೌದಿ ಜಗ್ಗಿ
'ಹೊತ್ತಾತು' ಅಂತಾಳೆ, 'ಕಣ್ಣ ತೆಗಿ, ಹೊನ್ನಿ' ಅಂತಾಳೆ.
ಬೇರೆ ಊರಿನ ಅವ್ವಂದಿರು ಅನ್ನುವ ಆ ಮಾತು
ನನಗೆ ಯಾರೂ ಅಂದಿಲ್ಲ.

'ಹೇಳು' ಅನ್ನಬೇಕಾದರೂ ನಾವು
ಹಕಾರಕ್ಕೆ ಎದೆಯಿಂದ ಗಾಳಿ ತರುತ್ತೇವೆ.
ಹಲ್ಲು ಬಿದ್ದ ಹುಡುಗರು ಹಲ್ಲು ಬರುವ ತನಕ
ಆ ಶಬ್ದದ ಸಮೀಪ ಹೋಗುವಂತಿಲ್ಲ.

ಊರು ಮುಗಿಯುವಲ್ಲಿ ಮೆಟ್ಟಿಲಬಾವಿ.
ಅದರಲ್ಲಿ ನೀರಿದೆಯೋ ಇಲ್ಲವೋ, ಕೊಡ ಇಳಿಸಿದವರಿಲ್ಲ.
ಅದು ಮಲಗಿದವರ ಬಾವಿ.
ಅಂಕಿ ಬೇರೆ, ಅಪ್ಪಣೆ ಬೇರೆ ಅನ್ನುವುದು
ಅವರಿಗೆ ತಿಳಿಯುವುದಿಲ್ಲ.
ಕಿವಿಗೆ ಬಿದ್ದರೆ ಹತ್ತಿ ಬರುತ್ತಾರೆ, ಅಷ್ಟೆ.

ಎಳ್ಳಮಾಸಿಯ ಮರುದಿನ, ಎರಡು ವರ್ಷದ ಹಿಂದೆ,
ಕಳಕಿ ಆಡಿನ ಮರಿ ಹುಡುಕುತ್ತ ಇಳಿದಳು.
ಮರಿ ಬಂತು. ಅದರ ಕೊರಳ ಗಂಟೆಯಲ್ಲಿ ನಾಲಗೆ ಇರಲಿಲ್ಲ.
ಹಿರೇರು ಬಗ್ಗಿ ನೋಡಿ 'ಮಲಗ್ಯಾಳ' ಅಂದರು.
ಯಾರೂ ಅಳಲಿಲ್ಲ. ಮಲಗಿದವರಿಗಾಗಿ ಅಳುವುದುಂಟೆ?
ನಾನು ಹನ್ನೊಂದು ರಾತ್ರಿ ಬಾವಿಯ ದಂಡೆಗೆ ಕುಳಿತೆ,
ಬಾಯಿ ತೆರೆದೆ, ಮುಚ್ಚಿದೆ.
ಒಂದು ಮಾತು. ಎರಡೇ ಅಕ್ಷರ.
ಹನ್ನೆರಡನೆಯ ರಾತ್ರಿ ಹೋಗಲಿಲ್ಲ.

ಈ ವರ್ಷ ಮಂಡ್ಯದ ಕಡೆಯ ಹೊಸ ಸರ್ ಬಂದರು, ಪುಟ್ಟಮಾದು.
ಒಳ್ಳೆಯವರು. ಜೋಳದ ರೊಟ್ಟಿ ಕಂಡು ನಕ್ಕು, ಐದು ತಿಂದರು.
ಬೋರ್ಡಿನ ಮೇಲೆ ಎಕ್ಸ್ ಬರೆದು ಬೆಲೆ ಎಷ್ಟು ಅಂದರು.
ನನಗೆ ಗೊತ್ತಿತ್ತು. ಇಡೀ ಕ್ಲಾಸಿಗೆ ಗೊತ್ತಿತ್ತು.
ಹತ್ತೊಂಬತ್ತು ಬಾಯಿ ಮುಚ್ಚಿಕೊಂಡು ಕುಳಿತಿದ್ದವು.
ಸರ್ ನನ್ನ ಕಡೆ ತಿರುಗಿ, ಬಲು ಮೆತ್ತಗೆ,
'ಹೇಳು' ಅನ್ನಲು ಹೋದರು.
ಅವರ ಸೀಮೆಯಲ್ಲಿ ಹಕಾರ
ನಾಲಗೆ ಮೇಲೆ ನಿಲ್ಲುವುದಿಲ್ಲವಂತೆ.

ಕಿಟಕಿಯಾಚೆ ಗಾಳಿಯಂತ್ರದ ರೆಕ್ಕೆ ನಿಂತವು.
ಹಸಿ ಪಾದದ ಸಪ್ಪಳ ಕಟ್ಟೆ ಹತ್ತಿ
ಬೋರ್ಡಿಲ್ಲದ ಖೋಲಿಗೆ ಹೋಯಿತು. ಬೆಂಚು ಜರುಗಿತು.

ಕಳಕಿ ಅಷ್ಟೇ ಇದ್ದಳು. ನಾನೇ ಒಂದು ಗೇಣು ಎತ್ತರವಾಗಿದ್ದೆ.
ಜಡೆಯಲ್ಲಿ ಅದೇ ಕೆಂಪು ರಿಬ್ಬನ್ನು,
ಗಂಟು ನಾನು ಹಾಕಿದ್ದೇ.
'ಅದು ನಿನ್ನ ದನಿ ಅಲ್ಲ' ಅಂದಳು.
'ನೀನ ಕರೀತಿ ಅಂತ ಕಾಯ್ದಿದ್ದೆ.
ಮ್ಯಾಲೆ ಕುಂತು ನೀ ಉಸುರು ನುಂಗೋದು ಕೇಳತಿತ್ತು.'
ಬುತ್ತಿಯ ರೊಟ್ಟಿ ಮುರಿದು ಕೊಟ್ಟೆ.
ಮೂಸಿ ನೋಡಿ, ತಿರುಗಿ ನನ್ನ ಕೈಯಲ್ಲಿಟ್ಟಳು.

ಹೊತ್ತು ಮುಳುಗುವಾಗ ಹಿರೇರು ಬಂದರು.
ಬಡಿಗೆಯಿಲ್ಲ, ಸಿಟ್ಟಿಲ್ಲ,
ಮದುವೆ ಮುಗಿಸಿ ಬೀಗರನ್ನು ಕಳಿಸುವ ಮುಖ.
'ಗೆಳತಿ ಇದ್ದಿ, ಮುಟ್ಟಿಸಿ ಬಾ' ಅಂದರು.
ಅವ್ವ ದೂರ ನಿಂತು ಸೆರಗು ಕಚ್ಚಿದ್ದಳು.

ಇಳಿದೆವು. ಕಳಕಿ ನನ್ನ ಕೈ ಬಿಡಲಿಲ್ಲ.
ಮೊದಲ ಮೆಟ್ಟಿಲಿಗೆ, ಲಾಭ, ಅಂದಳು. ಎರಡು. ಮೂರು.
ಆರಕ್ಕೆ ನಿಂತಳು. ನನ್ನ ಮುಖ ನೋಡಿದಳು.
ಕೆಳಗೆ ಕತ್ತಲಲ್ಲಿ ಯಾರು ಯಾರೋ ಮಗ್ಗಲು ಬದಲಿಸಿದರು,
ಆಮೇಲೆ ಎಲ್ಲರೂ ಉಸಿರು ಹಿಡಿದರು.
ಮೇಲಿಂದ ಅವ್ವ ನನ್ನ ಹೆಸರು ಕೂಗಿದಳು.

ನನ್ನ ನಾಲಗೆಯ ತುದಿ ತನ್ನಷ್ಟಕ್ಕೆ
ಮೇಲಕ್ಕೆ ಸರಿದು, ಹಿಂದಕ್ಕೆ ಮಡಚಿಕೊಂಡಿತು.