ಯೋರಿಸ್ ಕೂತ ಕಲ್ಲು

ಇನ್ನೆಷ್ಟು ಮೀಟರು, ಎಂದು ಕೇಳುತ್ತಾನೆ ಯೋರಿಸ್.
ಅವನ ಮಣಿಕಟ್ಟಿನಲ್ಲೊಂದು ಗಡಿಯಾರ,
ಎತ್ತರವನ್ನೂ ಎದೆಬಡಿತವನ್ನೂ ಒಟ್ಟಿಗೇ ತೋರಿಸುವಂಥದು.
ಇನ್ನೆರಡು ಕುಕ್ಕರಗಾಲು, ಅನ್ನುತ್ತೇನೆ.
ನನ್ನ ಅಜ್ಜಿಯ ಅಳತೆ ಅದು:
ಸೌದೆ ಹೊತ್ತವಳು ಹಣೆಪಟ್ಟಿ ಸಡಿಲಿಸಿ
ಎಷ್ಟು ಸಲ ಕೂತು ಏಳುತ್ತಾಳೋ, ದಾರಿ ಅಷ್ಟುದ್ದ.
ಅವನು ನಕ್ಕ. ನಕ್ಕದ್ದಕ್ಕೇ ಉಸಿರು ಖರ್ಚಾಯಿತು.

ನೆಬಾಹ್ ಬಿಟ್ಟು ಮೂರು ದಿನ.
ಐದು ಜನ, ಎರಡು ಹೇಸರಗತ್ತೆ, ಕಾಶ್ ಮುದುಕ,
ಮತ್ತು ನಾನು, ನೀಲಿ ಟೋಪಿಯ ಗೈಡು.
ಬೆವರುಮನೆಯ ಕತ್ತಲಲ್ಲಿ ಬರಿಮೈಯಲ್ಲಿ ಕೂತು
ಕಾದ ಕಲ್ಲಿಗೆ ನೀರೆರಚಿ, ಸ್ವರ್ಗ ಅಂದರು.
ಬೆಳಗಿನ ಜಾವ ಟೆಂಟಿನ ಮೇಲೆ ಮಂಜುಗಡ್ಡೆಯ ಹುಡಿ ಕಂಡು
ಏನೂ ಅನ್ನಲಿಲ್ಲ.

ಇಲ್ಲಿ ಮರ ಕುಳ್ಳಗಾಗುತ್ತ ಆಗುತ್ತ
ಕೊನೆಗೆ ಹುಲ್ಲಾಗಿಬಿಡುತ್ತದೆ.
ಸುಣ್ಣದ ಬಂಡೆ, ಬಂಡೆಯ ಬಿರುಕಿಗೊಂದು ಕತ್ತಾಳೆ,
ಕತ್ತಾಳೆಯ ಮರೆಗೊಂದು ಕುರಿ.
ಮಂಜು, ಹೇಳದೆ ಕೇಳದೆ ಒಳಬರುವ ಭಾವನ ಹಾಗೆ,
ಬಂದು ಪಕ್ಕದಲ್ಲೇ ಕೂರುತ್ತದೆ.

ಕಾಶ್ ಬೆರಳು ಮಡಿಸಿ ಎಣಿಸಿದ:
ಇವತ್ತು ಜಿಂಕೆಯ ದಿನ, ಎಂಟನೆಯ ಜಿಂಕೆ.
ಒಳ್ಳೆಯದೋ ಕೆಟ್ಟದ್ದೋ? ಕೇಳಿದಳು ಕ್ಯಾಮೆರಾದ ಹುಡುಗಿ.
ದಿನಕ್ಕೆ ಒಳಿತು ಕೆಡುಕು ಏನು ಬಂತು,
ಭಾರ ಇರುತ್ತದೆ, ಹೊರಬೇಕು, ಅಂದ.
ನಾನದನ್ನು ಇಶಿಲ್‌ನಿಂದ ಸ್ಪ್ಯಾನಿಷಿಗೆ ದಾಟಿಸಿದೆ,
ಯೋರಿಸ್ ಸ್ಪ್ಯಾನಿಷಿನಿಂದ ಡಚ್ಚಿಗೆ.
ಅವಳನ್ನು ತಲುಪುವಷ್ಟರಲ್ಲಿ
ಅದೊಂದು ಹವಾಮಾನದ ಮಾತಾಗಿತ್ತು.
ಅವಳು ರೇನ್‌ಕೋಟು ತೆಗೆದಳು.

ತಿರುವಿನ ಚಾಚುಬಂಡೆಯ ಕೆಳಗೆ
ಬೂಟಿನ ದಾರ ಬಿಗಿಯಲು ಯೋರಿಸ್ ಕೂತ.
ಒಳ್ಳೇ ಪೀಠ, ಅಂದ, ಯಾರೋ ಕೆತ್ತಿದ ಹಾಗಿದೆ.

ಕೆತ್ತಿದ್ದೇ.
ಮೂರು ಕಾಲು, ನಡುವೆ ತಗ್ಗು.
ತಗ್ಗು ಮಾತ್ರ ಕೆತ್ತಿದ್ದಲ್ಲ, ಸವೆದದ್ದು,
ಅಜ್ಜಿಯ ಅಮ್ಮ, ಅಜ್ಜಿ, ಆಮೇಲೆ ಹನ್ನೊಂದರ ನನ್ನಮ್ಮ
ಸುಣ್ಣದಲ್ಲಿ ಬೆಂದ ಜೋಳ ಅರೆದೂ ಅರೆದೂ.
ಸೈನಿಕರು ಹೊಲಕ್ಕೆ ಬೆಂಕಿ ಇಟ್ಟ ವರ್ಷ
ಅಜ್ಜಿ ಹೊತ್ತು ಹೊರಟದ್ದು ಇದನ್ನು.
ಕೋಳಿ ಬಿಟ್ಟಳು. ಮದುವೆಯ ರವಿಕೆ ಬಿಟ್ಟಳು.
ಗಂಡನ ಹೆಸರು ಹಿಡಿದು ಒಂದೇ ಸಲ ಕೂಗಿದಳು.
ಇಲ್ಲಿಗೆ ಬಂದಾಗ ಹಣೆಪಟ್ಟಿ ಕಿತ್ತಿತು,
ಕೈಗೂಸಿಗೆ ಜ್ವರ ಏರಿತ್ತು,
ಎರಡರಲ್ಲಿ ಒಂದನ್ನೇ ಹೊರಬಹುದಿತ್ತು.
ಅಮ್ಮನಿಗೆ ನೆನಪಿರುವುದು
ಕೂಸನ್ನು ಎತ್ತಿಕೊಳ್ಳುವ ಮುಂಚೆ
ಅಜ್ಜಿ ಒಂದು ಗಳಿಗೆ ತಡೆದದ್ದು.
ಆ ಕೂಸು, ನನ್ನ ಸೋದರಮಾವ, ಈಗ ಬಸ್ಸು ಓಡಿಸುತ್ತಾನೆ.
ಅವನಿಗಿದು ಗೊತ್ತಿಲ್ಲ.

ಇದನ್ನೆಲ್ಲ ನಾನು ಹೇಳುವುದಿಲ್ಲ.
ನಮ್ಮ ಕರಪತ್ರದಲ್ಲಿ ಈ ದಾರಿಯ ಎದುರು ಬರೆದಿದೆ:
ಕಷ್ಟ, ಮಧ್ಯಮ.

ಏಳು, ಅಂದೆ. ತುಸು ಜೋರಾಗಿಯೇ ಬಂತು.
ಎದ್ದ. ಕಲ್ಲನ್ನೂ ನನ್ನ ಮುಖವನ್ನೂ ನೋಡಿದ.
ಏನು ತಿಳಿಯಿತೋ, ಬಗ್ಗಿ ಎರಡೂ ಕೈಯಿಂದ ಎತ್ತಿದ.
ಮೊಣಕಾಲಿನವರೆಗೆ ಬಂತು. ಇಳಿಸಿದ.
ಗಡಿಯಾರ ಕಿಚಗುಟ್ಟಿತು.
ಹೇಸರಗತ್ತೆ ಇದೆಯಲ್ಲ, ಊರಿಗೆ ಒಯ್ಯೋಣ,
ಕೂಲಿ ನಾನು ಕೊಡುತ್ತೇನೆ, ಅಂದ. ಒಳ್ಳೆಯವನು.

ಕಾಶ್ ಕಡಿವಾಣ ತಿದ್ದುತ್ತ ಎತ್ತಲೋ ನೋಡಿದ.

ನಾನೂ ಕೇಳಿದ್ದೆ ಅಮ್ಮನನ್ನು, ಮೊದಲ ಸಂಬಳದ ದಿನ.
ಅವಳು ಸೊಂಟಕ್ಕೆ ಬಿಗಿದ ಮಗ್ಗದಿಂದ ಕಣ್ಣೆತ್ತಲಿಲ್ಲ,
ಕೆಂಪು ನೂಲೊಂದನ್ನು ಹಲ್ಲಲ್ಲಿ ಕಡಿದಳು.
ಅಲ್ಲೇ ಇರಲಿ ಬಿಡು.
ಮತ್ತೆ ಹೋಗಬೇಕಾಗಿ ಬಂದರೆ
ಬರಿಗೈಲಿ ಓಡಬಹುದಲ್ಲ.

ಮಳೆ ಬರುತ್ತೆ, ನಡೀರಿ, ಅಂದೆ.
ಕ್ಯಾಮೆರಾದ ಹುಡುಗಿ ಏನೋ ಮರೆತವಳ ಹಾಗೆ ಹಿಂತಿರುಗಿದಳು.
ಅಷ್ಟರಲ್ಲಿ ಕಲ್ಲಿನ ಮೇಲೆ
ಭಾವ ಬಂದು ಕೂತಾಗಿತ್ತು.